ಮಿಲ್ ಯಾರ್ಡಿನ ಕಾಂಕ್ರೀಟ್ ಎದ್ದು ಬರುತ್ತಿದೆ, ಒಂದೇ ರಾತ್ರಿಯಲ್ಲಿ ರಿಪೇರಿ ಆಗುತ್ತಾ?

ಭತ್ತದೂರು:
ಗಂಗಾವತಿ ಹತ್ತಿರ ನಮ್ಮದು ರೈಸ್ ಮಿಲ್. ಯಾರ್ಡಿಗೆ ಎಂಟು ಇಂಚು ಕಾಂಕ್ರೀಟ್ ಹಾಕಿದೆ. ಗೇಟ್ ಹತ್ತಿರ ಎರಡು ಸ್ಲ್ಯಾಬ್ ನಡುವಿನ ಜಾಯಿಂಟಿನ ಎರಡೂ ಅಂಚು ಒಡೆದು ಜಲ್ಲಿ ಎದ್ದಿದೆ. ಮೇಸ್ತ್ರಿ ಪ್ರತಿ ಸಲ ಸಿಮೆಂಟು ಮರಳು ಕಲಸಿ ತುಂಬಿ ಹೋಗುತ್ತಾರೆ, ಲೋಡ್ ಲಾರಿ ಓಡಾಡಿದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕಿತ್ತು ಬರುತ್ತೆ. ಈಗ ಭತ್ತದ ಸೀಸನ್, ಗೇಟ್ ಮುಚ್ಚೋಕಾಗಲ್ಲ. ರಾತ್ರಿ ಮಾಡಿ ಬೆಳಿಗ್ಗೆ ಲಾರಿ ಬಿಡುವಂಥದ್ದು ಏನಾದ್ರೂ ಇದೆಯಾ?

ಸೈಟ್‌ಮನುಷ್ಯ:
ಆಗುತ್ತೆ ಸರ್. ಆದರೆ ತುಂಬೋ ಮಾಲಿಗಿಂತ ಕೀಳೋ ಕೆಲಸ ಮುಖ್ಯ, ನಿಮ್ಮ ಮೇಸ್ತ್ರಿ ಅದನ್ನೇ ಬಿಡ್ತಿದ್ದಾರೆ ಅನಿಸುತ್ತೆ. ಮೊದಲು ಸುತ್ತಿಗೆಯಲ್ಲಿ ಸುತ್ತಲೂ ಬಡಿದು ನೋಡಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತೆ, ಒಳಗೆ ಬಿಟ್ಟುಕೊಂಡಲ್ಲಿ ಡಬ್ ಡಬ್ ಅಂತ ಟೊಳ್ಳು ಸದ್ದು. ಆ ಟೊಳ್ಳಿಗಿಂತ ಎರಡು-ಮೂರು ಇಂಚು ಹೊರಗೆ ಚೌಕವಾಗಿ ಗೆರೆ ಎಳೆದು ಕಟಿಂಗ್ ಮಷಿನ್‌ನಲ್ಲಿ ಎರಡು ಇಂಚು ಆಳ ಕೊಯ್ಯಿಸಿ. ಅಂಚು ನೆಟ್ಟಗೆ ನಿಲ್ಲಬೇಕು, ತೆಳ್ಳಗೆ ಇಳಿಜಾರಾದರೆ ಅಲ್ಲಿಂದಲೇ ಏಳುತ್ತೆ. ಒಡೆಯೋಕೆ 15 ಕೆಜಿ ಒಳಗಿನ ಬ್ರೇಕರ್ ಸಾಕು, ದೊಡ್ಡದು ತಂದರೆ ಕೆಳಗಿನ ಒಳ್ಳೆ ಕಾಂಕ್ರೀಟೂ ಬಿರುಕು ಬಿಡುತ್ತೆ. ಆಮೇಲೆ ಕಂಪ್ರೆಸರ್ ಗಾಳಿ ಹೊಡೆದು ಪುಡಿ ಪೂರ್ತಿ ತೆಗೆಸಿ, ಪೊರಕೆಯಲ್ಲಿ ಗುಡಿಸಿದ್ರೆ ಸಾಲದು.

ತುಂಬೋಕೆ ಬ್ಯಾಗಲ್ಲಿ ಬರೋ ರ್‍ಯಾಪಿಡ್ ಸೆಟ್ಟಿಂಗ್ ಮಾರ್ಟರ್ (ಬೇಗ ಗಟ್ಟಿಯಾಗೋ ಗಾರೆ) ತನ್ನಿ. ಕೆಲವು ಎರಡು-ನಾಲ್ಕು ಗಂಟೆಗೇ ಲಾರಿ ತಡೆಯುತ್ತೆ, ಬ್ಯಾಗ್ ಮೇಲೆ ಬರೆದಿದ್ದನ್ನು ಓದಿ. ನೀರು ಅಳತೆ ಮಾಡಿಯೇ ಹಾಕಿ. ಗಟ್ಟಿಯಾಯ್ತು ಅಂತ ಮಧ್ಯೆ ಚೊಂಬಲ್ಲಿ ಸುರಿದರೆ ಕಥೆ ಮುಗೀತು.

ಬಿಸಿಲುನಾಡು:
ನಿಮ್ಮ ಕಡೆ ಬಿಸಿಲು ಜಾಸ್ತಿ. ಈ ಮಾಲು ಕೆಲವು ಹತ್ತು-ಹದಿನೈದು ನಿಮಿಷಕ್ಕೇ ಹಿಡಿದುಬಿಡುತ್ತೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಕಲಸಿ. ಅದರಲ್ಲೇ ಮೆಗ್ನೀಷಿಯಂ ಫಾಸ್ಫೇಟ್ ಅನ್ನೋ ಬಗೆಯ ಮಾಲು ಕೊಟ್ಟರೆ ಗುಂಡಿ ಒಣಗಿರಲಿ, ಅದಕ್ಕೆ ಸುಣ್ಣಕಲ್ಲಿನ ಜಲ್ಲಿ ಬೆರೆಸಬೇಡಿ.

ಇನ್ನೊಂದು, ಜಾಯಿಂಟ್ ಮುಚ್ಚಬಾರದು! ತುಂಬೋ ಮೊದಲು ಅದೇ ಗೆರೆಯಲ್ಲಿ ಥರ್ಮಾಕೋಲ್ ಶೀಟ್ ನಿಲ್ಲಿಸಿ, ತೇಪೆಯ ತಳಕ್ಕಿಂತ ಸ್ವಲ್ಪ ಕೆಳಗಿನವರೆಗೂ ಇಳಿದಿರಲಿ. ಬಿಸಿಲಿಗೆ ಎರಡು ಕಡೆಯ ಸ್ಲ್ಯಾಬ್ ಹಿಗ್ಗಿ ಒಂದನ್ನೊಂದು ಒತ್ತುತ್ತೆ, ಜಾಗ ಇಲ್ಲದಿದ್ರೆ ಹೊಸ ತೇಪೆಯೇ ಸಿಡಿಯುತ್ತೆ. ಆಮೇಲೆ ಜಾಯಿಂಟಿನ ಸಂದಿಗೆ ಸೀಲೆಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗೋ ಮಾಲು) ತುಂಬಿಸಿ.

ಭತ್ತದೂರು:
ಓಹ್, ನಮ್ಮವರು ಜಾಯಿಂಟ್ ಮೇಲೇ ಸಪಾಟಾಗಿ ಬಳಿದುಬಿಡ್ತಾರೆ. ಒಂದು ಕಡೆ ಕಂಬಿ ಹಾಕಿ ಕುಕ್ಕಿದ್ರೆ ಕೆಳಗಿನ ಮಣ್ಣೇ ಸಿಗುತ್ತೆ, ಅಲ್ಲೂ ಇದೇ ಮಾಡ್ಲಾ?

ಸೈಟ್‌ಮನುಷ್ಯ:
ಬೇಡ. ದಪ್ಪದ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಹೋಗಿದ್ರೆ ತೇಪೆ ನಿಲ್ಲಲ್ಲ. ಅಷ್ಟು ಜಾಗ ಪೂರ್ತಿ ಕೊಯ್ದು ತೆಗೆದು, ತಳ ಗಟ್ಟಿ ಮಾಡಿ, ಪಕ್ಕದ ಸ್ಲ್ಯಾಬಿಗೆ ತೂತು ಹೊಡೆದು ಎಪಾಕ್ಸಿ ಅಂಟಿನಲ್ಲಿ ಡೋವೆಲ್ ಕಂಬಿ (ಎರಡು ಸ್ಲ್ಯಾಬ್ ನಡುವೆ ಭಾರ ದಾಟಿಸೋ ಕಂಬಿ) ಕೂರಿಸಿ ಹೊಸದಾಗಿ ಕಾಂಕ್ರೀಟ್ ಹಾಕಬೇಕು. ಅದನ್ನು ಸೀಸನ್ ಮುಗಿದ ಮೇಲೆ, ಅರ್ಧ ಗೇಟ್ ಬಿಟ್ಟು ಅರ್ಧ ಮಾಡಿಸಿ. ಅಲ್ಲಿವರೆಗೆ ಅದರ ಮೇಲೆ ದಪ್ಪ ಕಬ್ಬಿಣದ ಪ್ಲೇಟ್ ಹಾಸಿ, ಜಾರದ ಹಾಗೆ ಅಂಚಿಗೆ ಬೋಲ್ಟ್ ಹೊಡೆಸಿ.