ಸೈಲೆನ್ಸರ್ ಬೋಲ್ಟ್: ಮನಿ ಗ್ರೂಪಿನ್ಯಾಗ ನಡೆದ ವಾದ

ಗದಗ ತಮ್ಮ: (ಫಾರ್ವರ್ಡ್ ವಿಡಿಯೋ: ಕೋಲಾ ಸುರುವಿದ್ರ 2 ನಿಮಿಷದಾಗ ಎಂಥಾ ಬೋಲ್ಟೂ ಸಡ್ಲ)

ಗದಗ ತಮ್ಮ: ಕಾಕಾ, ಇದು ಖರೇ ಏನ್ರಿ? ಆಲ್ಟೋದ ಸೈಲೆನ್ಸರ್ ಮುಂದಿನ ಪೈಪ್ ಬಿಚ್ಚಾಕತ್ತೀನಿ. ಎರಡು ಬೋಲ್ಟ್ ಬಂದ್ವು, ಮೂರನೇದು ಒಟ್ಟ ಅಳ್ಳಾಡವಲ್ದು. ತಲಿನೂ ಗುಂಡಗಾತು.

ಮುಂಡರಗಿ ಮಾಮಾ: ಕೋಲಾ ಬ್ಯಾಡ. ಪಾನಾಕ್ಕ ಉದ್ದನ ಪೈಪ್ ತೂರಿಸಿ ಜಗ್ಗು. ಟ್ರ್ಯಾಕ್ಟರ್ ಬೋಲ್ಟ್ ಎಲ್ಲಾ ನಾವು ಹಂಗ ಬಿಚ್ಚೂದು.

ಹುಬ್ಬಳ್ಳಿ ಕಾಕಾ: ತಮ್ಮಾ, ಮೊದಲ ಅಲ್ಲಿಂದ ಕೈ ತಗಿ. ಬೀಗರ, ಟ್ರ್ಯಾಕ್ಟರಿನ ದಪ್ಪ ಬೋಲ್ಟಿಗೆ ಪೈಪ್ ನಡೀತೈತ್ರಿ. ಇದು 8 ಎಂಎಂ ಬೋಲ್ಟ್. ತಲಿ ಮುರದು ಮೈ ಒಳಗ ಉಳದ್ರ ಬಿಚ್ಚೂ ಕೆಲಸ ಹೋಗಿ ಕೊರಿಯೂ ಕೆಲಸ ಬೀಳ್ತೈತಿ.

ಹುಬ್ಬಳ್ಳಿ ಕಾಕಾ: ಯಾವ ಪಾನಾ ಹಾಕಿದ್ದಿ?

ಗದಗ ತಮ್ಮ: 13ರ ರಿಂಗ್ ಪಾನಾ.

ಹುಬ್ಬಳ್ಳಿ ಕಾಕಾ: ಅಲ್ಲೇ ಕೆಟ್ಟೈತಿ. ಮಾರುತಿಯೊಳಗ 8 ಎಂಎಂ ಬೋಲ್ಟಿಗೆ ತಲಿ 12, ಬಜಾರದ ಸಾದಾ ಬೋಲ್ಟಿಗೆ 13. 12ರ ತಲಿಗೆ 13ರ ಪಾನಾ ಕೂತಂಗ ಕಾಣಸ್ತೈತಿ, ಜಗ್ಗಿದ ಕೂಡ್ಲೆ ತಲಿಯ ಮೂಲಿ ಸವದು ಹೋಗ್ತೈತಿ. ರಿಂಗ್ ಪಾನಾದಾಗ ಹೆಚ್ಚಾಗಿ 12 ಮೂಲಿ ಇರ್ತಾವು, ಬೋಲ್ಟಿನ ತಲಿಯ ಮೂಲಿ ತುದಿಗಷ್ಟ ಹಿಡಿತೈತಿ. ಜಾಮ್ ಆದ ಬೋಲ್ಟಿಗೆ 6 ಮೂಲಿ ಸಾಕೆಟ್ಟನ ಹಾಕಬೇಕು. ಅದೂ ಅಲ್ಲದ ಈ ಗಾಡಿ ಮೊದಲ ಕಾರವಾರದಾಗ ಇತ್ತು. ಸಮುದ್ರದ ಉಪ್ಪಿನ ಗಾಳಿ ಕುಡದೈತಿ, ಗದಗಿನ ಒಣಾ ಹವಾದಾಗ ಇಷ್ಟು ಜಂಗ್ ಹಿಡಿಯಾಂಗಿಲ್ಲ.

ಮುಂಡರಗಿ ಮಾಮಾ: ಡಬ್ಲ್ಯೂಡಿ-40 ಸ್ಪ್ರೇ ಹೊಡದು ರಾತ್ರಿ ಬಿಟ್ರ?

ಹುಬ್ಬಳ್ಳಿ ಕಾಕಾ: ಹೊಡೀರಿ, ಲುಕ್ಸಾನಿಲ್ಲ. ಆದ್ರ ಅದನ್ನ 1953ರಾಗ ನೀರಿನ ಪಸಿ ತಗದು ಜಂಗ್ ತಡಿಯಾಕ ಮಾಡಿದ್ದು. ಜಾಮ್ ಬಿಡಸಾಕ ಅದ ಕಂಪನಿ ಬ್ಯಾರೇ ಡಬ್ಬಿ ಮಾರತೈತಿ. ಕೋಲಾದಾಗ ಫಾಸ್ಫಾರಿಕ್ ಆಸಿಡ್ ಇರೂದು ಖರೇ, ಬಟ್ಟಲದಾಗ ನೆನಿ ಹಾಕಿದ ಸಣ್ಣ ಸಾಮಾನಿನ ಜಂಗ್ ತಿಂದೀತು. ಗಾಡಿ ತಳದಾಗ ಸುರುವಿದ್ರ ನೆಲಕ್ಕ ಹರದು ಹೋಗ್ತೈತಿ, ಥ್ರೆಡ್ಡಿನೊಳಗ ಇಳಿಯಾಂಗಿಲ್ಲ.

ಹುಬ್ಬಳ್ಳಿ ಕಾಕಾ: ಇದಕ್ಕ ಶಾಖನ ಔಷಧ. ಕಬ್ಬಿಣ ಜಂಗ್ ಆದ್ರ ಉಬ್ಬತೈತಿ, ಥ್ರೆಡ್ಡಿನ ಸಂದಿ ಪೂರಾ ತುಂಬಿ ಗಟ್ಟಿ ಹಿಡಕೊಂಡಿರ್ತೈತಿ. ಗೋಕುಲ ರೋಡ್ ವರ್ಕ್‌ಶಾಪಿನ್ಯಾಗ ಇದ್ದಾಗ ನಾವು ಮಾಡ್ತಿದ್ದದ್ದು ಹಿಂಗ: ಗುಂಡಗಾದ ತಲಿ ಮ್ಯಾಲ ಒಂದು ನಟ್ ಇಟ್ಟು, ನಟ್ಟಿನ ತೂತಿನ್ಯಾಗಿಂದ ವೆಲ್ಡ್ ಹೊಡಿಯೂದು. ಪಾನಾಕ್ಕ ಹೊಸಾ ತಲಿ ಸಿಗ್ತೈತಿ, ಶಾಖ ಬೋಲ್ಟಿನ ಮೈಯಾಗ ಇಳದು ಜಂಗಿನ ಹಿಡಿತ ಒಡಿತೈತಿ. ಕೆಂಪು ಆರಿ ಇನ್ನೂ ಬಿಸಿ ಇದ್ದಾಗ ಬುಡಕ್ಕ ಮೇಣಬತ್ತಿ ತಾಗಸು, ಮೇಣ ಕರಗಿ ಥ್ರೆಡ್ಡಿನೊಳಗ ಎಳಕೊಂಡು ಹೋಗ್ತೈತಿ. ಆಮ್ಯಾಲ ಪಾನಾ ಹಾಕಿ ಮೊದಲ ಬಿಗಿ ಕಡೆ ಒಂಚೂರು ತಿರುವು, ಆಮ್ಯಾಲ ಸಡ್ಲ ಕಡೆ. ಕಾಲು ಸುತ್ತು ಬಂತಂದ್ರ ಮತ್ತ ಹಿಂದಕ್ಕ ಒಯ್ಯಿ. ಕಿರ್ ಅಂತು, ನಿಲ್ಲು. ಈ ಹೊತ್ತಿನ್ಯಾಗ ಅವಸರ ಮಾಡಿದವರದ್ದ ಬೋಲ್ಟ್ ಮುರಿಯೂದು.

ಹಾವೇರಿ ಅಕ್ಕ: ಕಾಕಾ, ಬೆಂಕಿ ಅಂದ್ರ ನನಗ ಅಂಜಿಕಿ ಬರ್ತೈತ್ರಿ. ಗಾಡಿ ತಳದಾಗ ಪೆಟ್ರೋಲ್ ಪೈಪ್ ಇರ್ತೈತೆಲ್ಲ?

ಹುಬ್ಬಳ್ಳಿ ಕಾಕಾ: ನೀ ಅಂಜೂದು ಬರೋಬ್ಬರಿ ಐತಿ ಅವ್ವಾ. ಮನಿ ಅಂಗಳದಾಗ ಮಾಡೂ ಕೆಲಸಲ್ಲ ಇದು. ವೆಲ್ಡಿಂಗ್ ಅಂಗಡ್ಯಾಗ ಮಾಡಸಬೇಕು. ಬ್ಯಾಟರಿ ನೆಗೆಟಿವ್ ವೈರ್ ಬಿಚ್ಚಬೇಕು, ಆಕ್ಸಿಜನ್ ಸೆನ್ಸರಿನ ಪ್ಲಗ್ ತಗೀಬೇಕು, ವೆಲ್ಡಿಂಗ್ ಮಷೀನಿನ ಅರ್ಥ್ ಕ್ಲಾಂಪ್ ಬೋಲ್ಟಿನ ಬಾಜೂಕ ಹಾಕಬೇಕು. ತಮ್ಮಾ, ಬ್ರೇಕ್ ಕ್ಲೀನರ್ ಸ್ಪ್ರೇ ಹೊಡದೀ ಏನು ಅಲ್ಲೆ?

ಗದಗ ತಮ್ಮ: ಇಲ್ರೀ, ಬರೇ ಚಿಮಣಿ ಎಣ್ಣಿ.

ಹುಬ್ಬಳ್ಳಿ ಕಾಕಾ: ಅದನ್ನೂ ಪೂರಾ ಒರಸು. ಕೆಲವು ಕ್ಲೀನರಿನ್ಯಾಗ ಕ್ಲೋರಿನ್ ಇರ್ತೈತಿ, ವೆಲ್ಡಿನ ಶಾಖಕ್ಕ ಫಾಸ್ಜೀನ್ ಅನ್ನೂ ವಿಷದ ಗ್ಯಾಸ್ ಆಗ್ತೈತಿ. ಜೀವಕ್ಕ ಬರ್ತೈತಿ, ಅದಕ್ಕ ಕೇಳಿದ್ದು.

ಮುಂಡರಗಿ ಮಾಮಾ: ಇಷ್ಟ್ಯಾಕ್ರಿ? ಬೋಲ್ಟಿಗೆ ತೂತು ಕೊರದು ಈಸಿ ಔಟ್ (ತೂತಿನ್ಯಾಗ ಉಲ್ಟಾ ತಿರುವಿ ಬೋಲ್ಟ್ ಹೊರಗ ತಗಿಯೂ ಸಾಮಾನು) ಹಾಕಿದ್ರ ಮುಗೀತು.

ಹುಬ್ಬಳ್ಳಿ ಕಾಕಾ: ಶಾಖ ಕೊಡದ ಈಸಿ ಔಟ್ ಹಾಕೂದಕ್ಕ ನಾ ಒಪ್ಪೂದಿಲ್ರಿ ಬೀಗರ. ಅದು ಭಾಳ ಗಡಸು ಉಕ್ಕು, ಬಾಗಾಂಗಿಲ್ಲ, ಫಟ್ ಅಂತ ಮುರೀತೈತಿ. ಒಳಗ ಮುರದ್ರ ಸಾದಾ ಡ್ರಿಲ್ ಅದನ್ನ ತಿನ್ನಾಂಗಿಲ್ಲ.

ಮುಂಡರಗಿ ಮಾಮಾ: ಹಂಗಾರ ವೆಲ್ಡಿಂಗನ ಮಾಡಸ್ಲಿ. ಆದ್ರ ದೊಡ್ಡ ಬೋಲ್ಟಿಗೆ ಪೈಪನ ಬರೋಬ್ಬರಿ, ಆ ಮಾತು ಬಿಡೂದಿಲ್ಲ.

ಗದಗ ತಮ್ಮ: ನಾಳೆ ಮುಂಜಾನೆ ಗಾಡಿ ಒಯ್ತೀನ್ರಿ ಕಾಕಾ. ಹೊಸಾ ಬೋಲ್ಟ್ ಏನು ತರ್ಲಿ?

ಹುಬ್ಬಳ್ಳಿ ಕಾಕಾ: ಬಂದ ಬೋಲ್ಟ್ ಒಂದು ತೋರಿಸಿ ಅದ ಥ್ರೆಡ್ಡಿಂದು ತಗೋ, ಹಚ್ಚೂ ಮುಂದ ತಾಮ್ರದ ಗ್ರೀಸ್ ಸವರು. ಈಗ ಬಿಚ್ಚಿದ ಎರಡೂ ವಾಪಸ್ ಹಾಕಿ ಬಿಗಿ ಮಾಡೇ ಗಾಡಿ ಚಾಲೂ ಮಾಡು. ಪೈಪ್ ಸಡ್ಲ ಇದ್ರ ಹೊಗಿ ಗಾಡಿಯೊಳಗ ಬರ್ತೈತಿ. ಗ್ಲಾಸ್ ಇಳಿಸಿಕೊಂಡ ಹೋಗು.