ಸಹಾಯ ಬೇಕು: ಆನ್‌ಲೈನ್ ಕ್ಲಾಸಲ್ಲಿ ಬಾಯಿ ಬಿಡದ ಹುಡುಗ

ನಮಸ್ಕಾರ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಗೂಗಲ್ ಮೀಟ್‌ನಲ್ಲಿ ಗಣಿತ ಹೇಳಿಕೊಡ್ತೀನಿ. ಒಬ್ಬ ಹುಡುಗ ತಪ್ಪದೆ ಸೇರ್ತಾನೆ, ಆದರೆ ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಹೆಸರು ಹಿಡಿದು ಕೇಳಿದರೆ ಚಾಟ್‌ನಲ್ಲಿ 'ಎಸ್ ಮಿಸ್', ಅಷ್ಟೇ.

ಮೊನ್ನೆ ಅವನ ನೋಟ್ಸ್ ಫೋಟೋ ತರಿಸಿಕೊಂಡೆ. ವರ್ಗ ಸಮೀಕರಣದ ಸೂತ್ರ ಸರಿಯಾಗೇ ಇದೆ. ಆಮೇಲೆ (−5)² = −25 ಅಂತ ಹಾಕಿ, ವರ್ಗಮೂಲದೊಳಗೆ ಋಣಸಂಖ್ಯೆ ಬಂದದ್ದು ನೋಡಿ ಅಲ್ಲೇ ಕೈಬಿಟ್ಟಿದ್ದಾನೆ. ಅಂದ್ರೆ ದಡ್ಡನಲ್ಲ, ಏಳನೇ ಕ್ಲಾಸಿನ ಪೂರ್ಣಾಂಕಗಳೇ ಗಟ್ಟಿಯಾಗಿಲ್ಲ.

ಫೋನ್ ಅಪ್ಪಂದು, ಮನೇಲಿ ಒಂದೇ ಕೋಣೆ. ಕ್ಯಾಮೆರಾ ಹಾಕು ಅಂತ ಒತ್ತಾಯಿಸೋಕೆ ಮನಸ್ಸಿಲ್ಲ. ಎಲ್ಲರೆದುರು ಮುಜುಗರ ಮಾಡದೆ ಮಾತಾಡಿಸೋದು ಹೇಗೆ? ವಾಯ್ಸ್ ಮೆಸೇಜಲ್ಲಿ ಉತ್ತರ ತರಿಸಿಕೊಂಡು ನೋಡಿದವರು ಯಾರಾದ್ರೂ ಇದ್ದೀರಾ? 'ಪೋಷಕರಿಗೆ ಹೇಳಿ' ಅನ್ನೋದೊಂದು ಬೇಡ, ಬೈಗುಳ ಬೀಳೋದು ಅವನಿಗೇ.