ಆನ್‌ಲೈನ್ ಅಂಗಡಿಗೆ ಕ್ರಿಪ್ಟೋದಲ್ಲಿ ದುಡ್ಡು ತಗೊಂಡವರು ಅನುಭವ ಹೇಳಿ

ಗೊಂಬೆಮನೆ, ಚನ್ನಪಟ್ಟಣ:
ಮರದ ಆಟಿಕೆ ಮಾರುವ ಚಿಕ್ಕ ಆನ್‌ಲೈನ್ ಅಂಗಡಿ ನಮ್ಮದು. ಜರ್ಮನಿಯ ಗಿರಾಕಿಯೊಬ್ಬರು 640 ಡಾಲರ್ ಆರ್ಡರ್ ಕೊಟ್ಟು, ದುಡ್ಡು ಯುಎಸ್‌ಡಿಟಿಯಲ್ಲಿ (ಒಂದಕ್ಕೆ ಒಂದು ಡಾಲರ್ ಬೆಲೆ ಇರುವಂತೆ ಮಾಡಿದ ಕ್ರಿಪ್ಟೋ) ಕಳಿಸ್ತೀನಿ ಅಂತಿದ್ದಾರೆ. ಸೈಟಿನಲ್ಲೇ ಕ್ರಿಪ್ಟೋ ಆಯ್ಕೆ ಇಟ್ಟುಬಿಡೋಣ ಅಂತ ನನ್ನ ತಮ್ಮ. ತಗೊಂಡು ನೋಡಿದವರು ದಯವಿಟ್ಟು ಹೇಳಿ.

ಅಕ್ಷರಪ್ರಿಯ, ಮೈಸೂರು:
ನಾನು ಲೋಗೊ, ವೆಬ್‌ಸೈಟ್ ಟೆಂಪ್ಲೇಟ್ ಮಾರುತ್ತೇನೆ. 2022ರ ಏಪ್ರಿಲ್ ಮೊದಲ ವಾರ ಹೊರದೇಶದವರೊಬ್ಬರು 1,20,000 ರೂಪಾಯಿ ಬೆಲೆಯ ಬಿಟ್‌ಕಾಯಿನ್ ಕಳಿಸಿದರು. ಏರುತ್ತೆ ಅಂತ ಇಟ್ಟುಕೊಂಡೆ. ಜುಲೈ ಮಧ್ಯದಲ್ಲಿ ಮಗಳ ಸ್ಕೂಲ್ ಫೀಸಿಗೆ ಅಂತ ಮಾರಿದಾಗ ಸಿಕ್ಕಿದ್ದು 56,000. ಅದರಲ್ಲೂ 560 ಟಿಡಿಎಸ್ ಹಿಡಿದರು. ಆ 1% ಕಡಿತ ಜುಲೈ 1ರಿಂದಷ್ಟೇ ಶುರುವಾಗಿತ್ತು.

ದೊಡ್ಡ ಪೆಟ್ಟು ಆಡಿಟರ್ ಹತ್ತಿರ ಬಿತ್ತು. ಬಿಟ್‌ಕಾಯಿನ್ ಬಂದ ದಿನದ ಬೆಲೆಯೇ ನಿಮ್ಮ ಆದಾಯ, ಪೂರ್ತಿ 1,20,000 ಲೆಕ್ಕಕ್ಕೆ ಬರುತ್ತೆ ಅಂದರು. ಹಾಗಾದರೆ ಹೋದ 64,000? ಯಾವ ಆದಾಯದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಏರಿದ್ದರೆ ಮಾತ್ರ ಆ ಲಾಭದ ಮೇಲೆ 30% ತೆರಿಗೆ, ಮೇಲೆ ಸೆಸ್. ಕೈಗೇ ಬಾರದ ದುಡ್ಡಿಗೆ ತೆರಿಗೆ ಕಟ್ಟಿದವನು ನಾನು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಆಸ್ಟಿನ್ ಕನ್ನಡಿಗ:
ಇಟ್ಟುಕೊಂಡಿದ್ದು ನೀವು ಸರ್, ಬಿಟ್‌ಕಾಯಿನ್ ಏನು ಮಾಡಿತು?

ನಾನು ಟೆಕ್ಸಸ್‌ನಲ್ಲಿ ಕೀಬೋರ್ಡ್ ಬಿಡಿಭಾಗ ಮಾರುತ್ತೇನೆ. ಕಾರ್ಡಿಗೆ 2.9%, ಮೇಲೆ 30 ಸೆಂಟ್. ಅದಾದರೂ ಹೋಗಲಿ. 2019ರ ಡಿಸೆಂಬರ್ ಒಂದರಲ್ಲೇ ಮೂರು ಚಾರ್ಜ್‌ಬ್ಯಾಕ್, ಅಂದರೆ ಗಿರಾಕಿ ತನ್ನ ಬ್ಯಾಂಕಿಗೆ ಹೇಳಿ ಕಾರ್ಡಿನ ದುಡ್ಡು ವಾಪಸ್ ಎಳೆದುಕೊಳ್ಳೋದು. 140, 95, 210 ಡಾಲರ್. ಸಾಮಾನೂ ಹೋಯಿತು, ದುಡ್ಡೂ ಹೋಯಿತು, ಒಂದೊಂದಕ್ಕೂ 15 ಡಾಲರ್ ದಂಡ ಬೇರೆ. ಒಟ್ಟು 490. ಆ ವಾರವೇ ಬಿಟಿಸಿಪೇ ಸರ್ವರ್ ಹಾಕಿಕೊಂಡೆ, ಬಿಟ್‌ಕಾಯಿನ್ ನೇರವಾಗಿ ತಗೊಳ್ಳುವ ಉಚಿತ ಸಾಫ್ಟ್‌ವೇರ್ ಅದು. ವಾಲೆಟ್ಟಿನ ಕೀಲಿ ನನ್ನ ಹತ್ತಿರ, ಮಧ್ಯೆ ಕಮಿಷನ್ ತಗೊಳ್ಳೋರು ಯಾರೂ ಇಲ್ಲ.

ತಲೆನೋವು ಇತ್ತು, ಇಲ್ಲ ಅನ್ನಲ್ಲ. ಇನ್‌ವಾಯ್ಸಿಗೆ 15 ನಿಮಿಷದ ಗಡುವು. ಗಿರಾಕಿ ಎಕ್ಸ್‌ಚೇಂಜಿನಿಂದ (ಕ್ರಿಪ್ಟೋ ಕೊಂಡು ಮಾರುವ ತಾಣ) ಕಳಿಸಿದರೆ ಅವರ ಫೀ ಮುರಿದು 80ರ ಬದಲು 78.60 ಬಂದು ಕೂರುತ್ತೆ, ಆರ್ಡರ್ ಅಲ್ಲೇ ನಿಲ್ಲುತ್ತೆ. ಸಾಮಾನು ವಾಪಸ್ ಬಂದರೆ ಯಾವ ದಿನದ ರೇಟು ಅಂತ ಜಗಳ. ಅದಕ್ಕೇ ಅಂಗಡಿ ಪುಟದಲ್ಲೇ ಬರೆದಿದ್ದೇನೆ, ವಾಪಸ್ ಡಾಲರ್ ಲೆಕ್ಕದಲ್ಲಿ ಅಂತ. ಬಂದಿದ್ದನ್ನು ಪ್ರತಿ ಶುಕ್ರವಾರ ಸಂಜೆ ಮಾರಿಬಿಡುತ್ತೇನೆ. ಆಮೇಲೆ ಕ್ರಿಪ್ಟೋದಲ್ಲಿ ಕೊಟ್ಟ ಒಬ್ಬ ಗಿರಾಕಿಯಿಂದಲೂ ನನಗೆ ಮೋಸವಾಗಿಲ್ಲ.

ನೇಕಾರರ ಮನೆ, ಇಳಕಲ್:
ಆಸ್ಟಿನ್ ಸರ್, ಅವರು ಕೇಳ್ತಿರೋದು ಚನ್ನಪಟ್ಟಣದಿಂದ. ಇಲ್ಲಿಂದ ರಫ್ತಾದ ಸಾಮಾನಿನ ದುಡ್ಡು ವಿದೇಶಿ ಹಣವಾಗಿ ಬ್ಯಾಂಕಿನ ಮೂಲಕವೇ ಬರಬೇಕು. ಗೊತ್ತಿಲ್ಲದೆ ನಾನು ಸಿಕ್ಕಿಕೊಂಡೆ.

2023ರಲ್ಲಿ ಸಿಂಗಾಪುರಕ್ಕೆ 14 ಸೀರೆ ಕಳಿಸಿದೆ, 1,050 ಡಾಲರ್‌ನದು. ಯುಎಸ್‌ಡಿಟಿ ಬಂತು, ಎಕ್ಸ್‌ಚೇಂಜಿನಲ್ಲಿ ಮಾರಿದೆ, ರೂಪಾಯಿ ಖಾತೆಗೆ ಬಿತ್ತು. ನಾಲ್ಕೇ ಗಂಟೆಯ ಕೆಲಸ, ಎಷ್ಟು ಸುಲಭ ಅಂದುಕೊಂಡೆ. ಆದರೆ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಕಾಗದ, ಆರ್‌ಬಿಐನ ಇಡಿಪಿಎಂಎಸ್‌ನಲ್ಲಿ (ರಫ್ತಿನ ದುಡ್ಡು ಬಂತಾ ಅಂತ ನೋಡುವ ವ್ಯವಸ್ಥೆ) ಕೂತಿರುತ್ತೆ ಅಲ್ವಾ? ಅದಕ್ಕೆ ಎದುರಾಗಿ ಹೊರಗಿನಿಂದ ಬಂದ ಹಣ ತೋರಿಸಬೇಕು. ನನ್ನದು ದೇಶದೊಳಗಿನ ಟ್ರಾನ್ಸ್‌ಫರ್ ಆಗಿತ್ತು. ಇನ್‌ವಾಯ್ಸ್, ವಾಲೆಟ್ ಸ್ಕ್ರೀನ್‌ಶಾಟ್, ಗಿರಾಕಿಯ ಮೇಲ್, ಎಲ್ಲ ಹಸಿರು ಫೈಲಿನಲ್ಲಿ ಹಾಕಿಕೊಂಡು ಬ್ಯಾಂಕಿಗೆ ಹೋದೆ. ಅಧಿಕಾರಿ ಒಂದೊಂದೇ ಹಾಳೆ ತಿರುವಿ, "ಕಳಿಸಿದ ಬ್ಯಾಂಕಿನ ಹೆಸರು ಎಲ್ಲಿದೆ ಮೇಡಂ?" ಅಂತ ಕೇಳಿದರು. ಹನ್ನೊಂದು ತಿಂಗಳು ಅಲೆದೆ. ಜಿಎಸ್‌ಟಿ ರಿಫಂಡಿಗೂ ಅದೇ ಕಾಗದ ಕೇಳಿದರು. ಆ ಬಿಲ್ ಇವತ್ತಿಗೂ ಬಾಕಿ ಅಂತಲೇ ಇದೆ.

ಆಸ್ಟಿನ್ ಕನ್ನಡಿಗ:
ಕಾನೂನು ಹಳೇದಾದರೆ ತಂತ್ರಜ್ಞಾನ ಏನು ಮಾಡಬೇಕು ಮೇಡಂ? 2018ರಲ್ಲಿ ಆರ್‌ಬಿಐ ಬ್ಯಾಂಕುಗಳಿಗೆ ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬೇಡಿ ಅಂದಿದ್ದನ್ನು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಹೊಡೆದುಹಾಕಿತು.

ನೇಕಾರರ ಮನೆ, ಇಳಕಲ್:
ಆ ತೀರ್ಪಿಗೂ ರಫ್ತಿನ ಕಾನೂನಿಗೂ ಸಂಬಂಧ ಇಲ್ಲ. ಗೊತ್ತಿಲ್ಲದ್ದನ್ನು ಹೇಳಿ ಇನ್ನೊಬ್ಬರನ್ನು ಸಿಕ್ಕಿಸಬೇಡಿ.

ಅಕ್ಷರಪ್ರಿಯ, ಮೈಸೂರು:
ಕಮಿಷನ್ ಇಲ್ಲ ಅಂತೀರಲ್ಲ ಆಸ್ಟಿನ್ ಸರ್, 2017ರ ಡಿಸೆಂಬರ್ ಮರೆತಿರಾ? ಒಂದು ಬಿಟ್‌ಕಾಯಿನ್ ಪಾವತಿಗೆ ಸರಾಸರಿ ಫೀ 50 ಡಾಲರ್ ದಾಟಿತ್ತು. ಗೇಮ್ ಮಾರುವ ಸ್ಟೀಮ್ ಆ ತಿಂಗಳೇ ಬಿಟ್‌ಕಾಯಿನ್ ತಗೊಳ್ಳೋದು ನಿಲ್ಲಿಸಿತು, ಪಾವತಿ ಕಂಪನಿ ಸ್ಟ್ರೈಪ್ 2018ರ ಏಪ್ರಿಲ್‌ನಲ್ಲಿ.

ಆಸ್ಟಿನ್ ಕನ್ನಡಿಗ:
ಅದಕ್ಕೇ ಲೈಟ್ನಿಂಗ್ ಇರೋದು, ಬಿಟ್‌ಕಾಯಿನ್ ಕಡಿಮೆ ಫೀಗೆ ಬೇಗ ಕಳಿಸುವ ಜಾಲ. ಅದೇ ಸ್ಟ್ರೈಪ್ 2024ರಲ್ಲಿ ಯುಎಸ್‌ಡಿಸಿ (ಯುಎಸ್‌ಡಿಟಿ ತರಹದ್ದೇ, ಡಾಲರ್ ಬೆಲೆಯ ಕ್ರಿಪ್ಟೋ) ತಗೊಳ್ಳೋಕೆ ಶುರು ಮಾಡಿದ್ದನ್ನು ಯಾಕೆ ಹೇಳಲ್ಲ?

ಅಕ್ಷರಪ್ರಿಯ, ಮೈಸೂರು:
ಆ ಯುಎಸ್‌ಡಿಸಿ 2023ರ ಮಾರ್ಚ್‌ನಲ್ಲಿ 90 ಸೆಂಟ್‌ಗಿಂತ ಕೆಳಗೆ ಹೋಗಿತ್ತು. ಆ ಶನಿವಾರ ನನ್ನ ಸ್ನೇಹಿತ ರಾತ್ರಿಯಿಡೀ ನಿದ್ದೆ ಮಾಡಿಲ್ಲ.

ಆಸ್ಟಿನ್ ಕನ್ನಡಿಗ:
ಸೋಮವಾರ ವಾಪಸ್ ಬಂತಲ್ಲ. ನಿಮಗೆ ಕಾಯೋಕೆ ಬರಲ್ಲ, ಅಷ್ಟೇ.

ಅಕ್ಷರಪ್ರಿಯ, ಮೈಸೂರು:
ಏಪ್ರಿಲ್‌ನಿಂದ ಜುಲೈವರೆಗೆ ಕಾದಿದ್ದಕ್ಕೇ ಇಟ್ಟುಕೊಂಡಿದ್ದು ತಪ್ಪು ಅಂದಿರಿ. ಈಗ ಕಾಯಲಿಲ್ಲ ಅಂತೀರಿ. ಯಾವುದಾದರೂ ಒಂದು ಹೇಳಿ.

ಹಳೇ ಹುಬ್ಬಳ್ಳಿ:
ಇವರ ಜಗಳ ಬಿಡ್ರಿ. ದಯವಿಟ್ಟು ಯುಎಸ್‌ಡಿಟಿಯನ್ನು ಪಿಟುಪಿಯಲ್ಲಿ, ಅಂದ್ರ ಗುರುತಿಲ್ಲದ ಇನ್ನೊಬ್ಬರಿಗೆ ನೇರವಾಗಿ, ಮಾರಲೇಬೇಡಿ. ಹೋದ ವರ್ಷ 23,500 ರೂಪಾಯಿಗೆ ಮಾರಿದೆ. ಹನ್ನೆರಡನೇ ದಿನ ಪೆಟ್ರೋಲ್ ಬಂಕಿನಲ್ಲಿ ಯುಪಿಐ ಹೋಗಲಿಲ್ಲ. ಹಿಂದೆ ಗಾಡಿಗಳ ಸಾಲು, ಮುಂದೆ ಹೆಂಡತಿ ಕೂಸು ಎತ್ತಿಕೊಂಡು ನಿಂತಿದ್ದಳು. ಕೊಂಡವನು ಕಳಿಸಿದ್ದು ಯಾರಿಗೋ ಮೋಸ ಮಾಡಿದ ದುಡ್ಡಂತೆ. ಮೋಸ ಹೋದವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದಾರೆ, ಬೇರೆ ರಾಜ್ಯದ ಪೊಲೀಸರು ನನ್ನ ಖಾತೆ ನಿಲ್ಲಿಸಿದ್ದಾರೆ. ಸಂಬಳ, ಸಾಲದ ಕಂತು, ಎಲ್ಲ ಅದೇ ಖಾತೆ. ಎರಡು ಕಂತು ತಪ್ಪಿತು. ರೈಲಿಗೆ, ವಕೀಲರಿಗೆ ಅಂತ 31,000 ಖರ್ಚಾಯಿತು. ಮಾರಿದ ದುಡ್ಡಿಗಿಂತ ಜಾಸ್ತಿ.

ಆಸ್ಟಿನ್ ಕನ್ನಡಿಗ:
ಅದು ಪಿಟುಪಿ ತಪ್ಪು, ಕ್ರಿಪ್ಟೋದ್ದಲ್ಲ.

ಹಳೇ ಹುಬ್ಬಳ್ಳಿ:
ಖಾತೆ ನಿಂತಿದ್ದು ನಂದು ಸಾಹೇಬ್ರ, ನಿಮ್ಮದಲ್ಲ.

ನೇಕಾರರ ಮನೆ, ಇಳಕಲ್:
ಬ್ಯಾಂಕಿಲ್ಲದೆ ದುಡ್ಡು ಬರಬಹುದು, ಸೀರೆ ಹಂಗೆ ಹೋಗುತ್ತಾ? ನಿಮ್ಮ ಅಮೆರಿಕದ ಸುಂಕದ ಗಲಾಟೆಗೆ 2025ರ ಆಗಸ್ಟ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಅಂಚೆ ಪಾರ್ಸೆಲ್ಲೇ ನಿಂತಿತ್ತು. ದೀಪಾವಳಿಗೆ ಅಂತ ನೇಯ್ದ ಒಂಬತ್ತು ಸೀರೆ ಟ್ರಂಕಿನಲ್ಲೇ ಉಳಿದವು.

ಆಸ್ಟಿನ್ ಕನ್ನಡಿಗ:
ಆ ಸುಂಕ ನಾನು ಹಾಕಿದ್ದಾ? ನನ್ನ ಅಮ್ಮ ಕಳಿಸಿದ ಚಟ್ನಿಪುಡಿಯೂ ಬರಲಿಲ್ಲ.

ಗೊಂಬೆಮನೆ, ಚನ್ನಪಟ್ಟಣ:
ಗಿರಾಕಿಗೆ ಬರೆದೆ. ಬ್ಯಾಂಕಿನಿಂದಲೇ ಕಳಿಸೋಕೆ ಒಪ್ಪಿದ್ದಾರೆ, ಖರ್ಚು ಅರ್ಧ ನೀವು ಹಾಕಿಕೊಳ್ಳಿ ಅಂತಾರೆ. ಇಳಕಲ್ ಅಕ್ಕ, ನಿಮಗೆ ಎಷ್ಟು ಮುರಿಯುತ್ತಾರೆ?

ನೇಕಾರರ ಮನೆ, ಇಳಕಲ್:
ಹೋದ ಸಲ ಬ್ಯಾಂಕಿನದು 950 ರೂಪಾಯಿ, ಅದರ ಮೇಲೆ ಜಿಎಸ್‌ಟಿ 171. ಮಧ್ಯದ ಬ್ಯಾಂಕ್ 12 ಡಾಲರ್ ತಗೊಂಡಿತ್ತು. ಆ 12 ಡಾಲರ್ ಕಡಿಮೆ ಬಂದಿದ್ದಕ್ಕೂ ಬ್ಯಾಂಕಿಗೆ ಪತ್ರ ಬರೆದುಕೊಡಬೇಕು, ಇಲ್ಲದಿದ್ದರೆ ಬಿಲ್ ಮುಚ್ಚಲ್ಲ. ನಿಮ್ಮದು ಮುಂಗಡ ಆದ್ದರಿಂದ ಪರ್ಪಸ್ ಕೋಡ್ (ದುಡ್ಡು ಯಾತಕ್ಕೆ ಬಂತು ಅನ್ನೋ ಗುರುತು) ಪಿ0103 ಅಂತ ಬ್ಯಾಂಕಿಗೆ ಮೊದಲೇ ಹೇಳಿ. ನಾಳೆ ಬೆಳಗ್ಗೆ ಹತ್ತೂವರೆಗೆ ಫೋನ್ ಮಾಡಿ, ನನ್ನ ಪತ್ರದ ನಮೂನೆ ಕಳಿಸ್ತೀನಿ.